ನಲವತ್ತು ದಿನಾರಿನ ಗಾಳಿ

ಉಮ್ ಜಾಸಿಮ್ ಎಣಿಸಿಕೊಟ್ಟ ನಲವತ್ತು ದಿನಾರಿಗೆ
ಏಲಕ್ಕಿಯ ವಾಸನೆ, ಗಹ್ವಾದ ಡಬ್ಬಿಯಿಂದ ಬಂದದ್ದು.
ಕೆಲಸ ಇಷ್ಟೆ: ಮುಹರ್ರಕಿನ ಗಲ್ಲಿಯ ಆ ಹಳೆ ಮನೆಗೆ
ಏಳು ಕಿಟಕಿ, ಏಳಕ್ಕೂ ಕಬ್ಬಿಣದ ಸರಳು,
ಅರವತ್ತು ವರ್ಷದ ಉಪ್ಪುಗಾಳಿ, ಬಣ್ಣದ ಮೇಲೆ ಬಣ್ಣ.
ಉಪ್ಪುಕಾಗದದಲ್ಲಿ ತಿಕ್ಕುತ್ತ ಕೂತರೆ
ಬರುವ ರಮದಾನಿಗೆ ಒಂದು ಕಿಟಕಿ ಮುಗಿದೀತು.

ಶುಕ್ರವಾರ ಸಲ್ಮಾಬಾದಿಗೆ ಹೋದೆ,
ತುಫೈಲನ ಹಳೆ ಸಾಮಾನಿನ ಅಂಗಡಿಗೆ.
ಅವ ಮೊದಲು ಉರುಳಿಸಿ ತಂದದ್ದು ಹಳದಿ ಹಂಡೆ,
ಮದುವೆಮನೆಯ ನೀರೊಲೆ ಮೇಲೆ ಕೂರಿಸುವಷ್ಟು ದೊಡ್ಡದು.
'ಹಡಗಿನ ಹೊಟ್ಟೆಯನ್ನೇ ಬೋಳಿಸುತ್ತದೆ, ಉಸ್ತಾದ್.'
ನನಗೆ ಹೇಳುತ್ತಾನೆ!
ಹನ್ನೊಂದು ವರ್ಷ ಡ್ರೈಡಾಕಿನಲ್ಲಿ ಅಂಥದರ ಹಿಂದೆ ನಿಂತು
ಎಡಗಿವಿ ಅರ್ಧ ಕಳಕೊಂಡವನಿಗೆ.
ಇನ್ನೂರು ದಿನಾರು. ಮುಟ್ಟಿ, ಕೈ ತೆಗೆದೆ.

ಆಮೇಲೆ ಗಾಜಿನ ಮುಖದ ಪೆಟ್ಟಿಗೆ,
ಎರಡು ತೂತು, ಎರಡು ರಬ್ಬರಿನ ತೋಳು.
ಚಂದವೇ. ಆದರೆ ಕಿಟಕಿಯನ್ನು ಅದರೊಳಗೆ ತುರುಕುವುದು
ಎಮ್ಮೆಯನ್ನು ಚೊಂಬಿನಲ್ಲಿ ಮೀಯಿಸಿದ ಹಾಗೆ.

ಕೊನೆಗೆ, ಒಡೆದ ಫ್ಯಾನುಗಳ ಅಡಿಯಿಂದ, ಕೆಂಪು ಬಂದೂಕು.
ಕೆಳಗೊಂದು ನಳಿಗೆ, ಬಕೆಟಿನಿಂದ ತಾನೇ ಹೀರಿಕೊಳ್ಳುವ ಜಾತಿ.
ಹದಿನಾಲ್ಕು ದಿನಾರು. ಪಿಂಗಾಣಿ ಮೂಗು ಮೂರು ಪುಕ್ಕಟೆ.
ಬಂದೂಕು ಅಗ್ಗವೇ, ಗಾಳಿ ತುಟ್ಟಿ.
ಕುಲುಮೆಯ ಮುಂದೆ ಅಪ್ಪ ಹೇಳುತ್ತಿದ್ದದ್ದು ಅದನ್ನೇ:
ಸುತ್ತಿಗೆ ಆಮೇಲೆ ನೋಡು, ಮೊದಲು ತಿದಿಯ ಉಸಿರು ನೋಡು.
ನನ್ನ ಕಂಪ್ರೆಸರಿನ ಉಸಿರು ಟಯರಿಗೆ ಸಾಕು,
ಎರಡು ನಿಮಿಷ ಉಗುಳಿದರೆ ಐದು ನಿಮಿಷ ಏದುಸಿರು.
ಇರಲಿ. ನನಗೂ ಹಾಗೆಯೇ ಈಗ.

ಇನ್ನು ಮರಳು.
'ಸಾಖೀರಿನಲ್ಲಿ ರಾಶಿ ಬಿದ್ದಿದೆಯಲ್ಲ, ಅದಕ್ಕೂ ದುಡ್ಡೇ?'
ತುಫೈಲ ನಕ್ಕ. ನಾನು ನಗಲಿಲ್ಲ.
ಆ ಪುಕ್ಕಟೆ ಮರಳು ಶಿರ್ವದ ಬೊನಿಫಾಸನ ಎದೆಯೊಳಗೂ ಇತ್ತು,
ಎಕ್ಸರೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದ್ದೇವೆ,
ಕಪ್ಪು ಚಾಪೆಯ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ.
ಗಾರ್ನೆಟ್ ಎರಡು ಚೀಲ, ಏಳೂವರೆ.
ಮುಖವಾಡ ಒಂಬತ್ತು. ಅದೊಂದಕ್ಕೆ ಚೌಕಾಸಿ ಮಾಡಲಿಲ್ಲ.
ಉಳಿದದ್ದರಲ್ಲಿ ತಾಡಪಾಲು, ಪಿಕಪ್ಪಿನ ಬಾಡಿಗೆ, ಒಂದು ಕರಕ್ ಚಾ.

ಅಂಗಳದಲ್ಲಿ ತಾಡಪಾಲು ಕಟ್ಟಿ ಮೊದಲ ಕಿಟಕಿ ಮಲಗಿಸಿದೆ.
ಹಳದಿ ಹಂಡೆಯಾಗಿದ್ದರೆ ಒಂದೇ ಉಸಿರಿಗೆ ಎಲುಬು ಕಾಣುತ್ತಿತ್ತು.
ಇದು ಬಡಪಾಯಿ, ಈರುಳ್ಳಿ ಸುಲಿದ ಹಾಗೆ,
ಕೆನೆ ಬಣ್ಣ ಹೋಯಿತು,
ಕಂಪ್ರೆಸರ್ ಕೆಮ್ಮಿತು, ಕಾದೆ,
ಹಸಿರು ಹೋಯಿತು, ಮತ್ತೆ ಕಾದೆ,
ಯಾರೋ ಅವಸರದಲ್ಲಿ ಬಳಿದ ಕಂದು,
ಅದರ ಅಡಿಯಲ್ಲಿ ನೀಲಿ.

'ಬಸ್!'
ಅವಳ ಭಾಷೆಯಲ್ಲೂ ನನ್ನ ಬಾಯಲ್ಲೂ ಒಂದೇ ಅರ್ಥದ ಮಾತು.
ಮುಖವಾಡ ಎತ್ತಿದೆ. ಬಾಗಿಲಲ್ಲಿ ಉಮ್ ಜಾಸಿಮ್,
ಒಂದು ಕಾಲಿಗೆ ಮಾತ್ರ ಚಪ್ಪಲಿ.
'ಈ ನೀಲಿ ಬಳಿಯುವಾಗ ಏಣಿ ಹಿಡಿದವಳು ನಾನು' ಎಂದಳು.
ಏಣಿಯ ಮೇಲೆ ಯಾರಿದ್ದರು, ನಾನು ಕೇಳಲಿಲ್ಲ.
ಕೆಲಸಗಾರನಾಗಿ ಹೇಳಬೇಕಾದದ್ದು ಹೇಳಿದೆ:
ಅಡಿಯಲ್ಲಿ ತುಕ್ಕಿದೆ ಅಮ್ಮಾ, ಇಲ್ಲಿಗೆ ಬಿಟ್ಟರೆ
ಹೆಚ್ಚೆಂದರೆ ಎರಡು ವರ್ಷ.
'ಉಳಿದ ಆರನ್ನು ಏನು ಬೇಕಾದರೂ ಮಾಡಿಕೊ.'

ಆರನ್ನೂ ಬೆಳ್ಳಗೆ ಮಾಡಿ ಪ್ರೈಮರ್ ಕೊಟ್ಟೆ.
ಏಳನೆಯದಕ್ಕೆ ಬರೀ ಎಣ್ಣೆಬಟ್ಟೆ.

ಗಾರ್ನೆಟನ್ನು ಜರಡಿ ಹಿಡಿದರೆ ಇನ್ನೆರಡು ಸಲ ಬರುತ್ತದೆ.
ರಾತ್ರಿ ರೂಮಿನ ಟೆರೇಸಿನಲ್ಲಿ ಕೂತು ಜರಡಿ ಹಿಡಿದೆ,
ಹುರುಳಿಯಲ್ಲಿ ಕಲ್ಲು ಆರಿಸುವ ಹಾಗೆ:
ಕೆಂಪು ಹುಡಿ ಕೆಳಗೆ, ಮೇಲೆ ಬಣ್ಣದ ಹೊಟ್ಟು,
ಕೆನೆ, ಹಸಿರು, ಕಂದು.
ಸ್ವಲ್ಪ ನೀಲಿಯೂ ಇತ್ತು,
ಅವಳು ಕೂಗುವ ಮೊದಲಿನದು.
ಅವಳಿಗೆ ಹೇಳಿಲ್ಲ.